ಹಂಡೆಯೊಳಗಿನ ಕರಕರ

ಅತ್ತಿಗೆ ಮನೆ ತುಂಬಿದ ವಾರದಲ್ಲೇ ನಮ್ಮ ರೇಡಿಯೋ ಕರಕರ ಅನ್ನತೊಡಗಿತು. ಯಾರೋ ಕಿವಿಯ ಪಕ್ಕದಲ್ಲೇ ಕೂತು ಒಣ ಹಪ್ಪಳ ಮುರಿಯುತ್ತಿರುವ ಹಾಗೆ, ಒಂದಿಷ್ಟು ಮುರಿದು, ಒಂದಿಷ್ಟು ತಡೆದು, ಮತ್ತೆ ಮುರಿಯುವ ಹಾಗೆ. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ರೇಡಿಯೋದ ಮುಂದೆ ನಿಂತಳು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೊಸ ಸೊಸೆಯ ಕಡೆ ಒಮ್ಮೆ ನೋಡಿದಳು. ವಾಪಸು ಹೋಗಿ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು.

ನಮ್ಮೂರಲ್ಲಿ ಪ್ರತಿಯೊಬ್ಬರಿಗೂ ಒಂದು ಗುಂಗು ಇರುತ್ತದೆ. ರೇಡಿಯೋದ ಮುಳ್ಳನ್ನು ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ತಿರುಗಿಸಿಟ್ಟರೆ ಹತ್ತಿರ ಇದ್ದವರ ಗುಂಗು ಅದರಲ್ಲಿ ಕೇಳುತ್ತದೆ. ನನ್ನ ಅಣ್ಣ ನಂಜುಂಡನದು ಅವನು ನಡೆಸುವ ಹಿಟ್ಟಿನ ಗಿರಣಿಯ ಹಾಗೆಯೇ ದಪ್ಪ. ಅಮ್ಮನದು, ಹಾಲು ಉಕ್ಕುವುದಕ್ಕೆ ಮುಂಚೆ ಪಾತ್ರೆ ಸಣ್ಣಗೆ ಹಾಡುತ್ತದಲ್ಲ, ಹಾಗೆ. ಎಲ್ಲರ ಪಡಸಾಲೆಯಲ್ಲೂ ಇಂಥದೊಂದು ರೇಡಿಯೋ ದಿನವಿಡೀ ತನ್ನಷ್ಟಕ್ಕೆ ಗುಂಯ್‌ಗುಡುತ್ತಿರುತ್ತದೆ. ಯಾರು ಬಂದರು, ಯಾರು ಹೋದರು ಎಂದು ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಟೀ ಅಂಗಡಿಯ ಹಿಂದೆ ಅಡಗುವುದಿಲ್ಲ. ಪ್ರೀತಿ ಮಾಡುವವರು ಮನೆಗಳಿಲ್ಲದ ಕೆರೆ ಏರಿಯ ಕಡೆಗೇ ನಡೆಯುತ್ತಾರೆ. ಕ್ರಿಕೆಟ್ ಕೇಳುತ್ತ ಕೂತವರು ದಾರಿಹೋಕರ ಮೇಲೆ ರೇಗುತ್ತಾರೆ: "ಸ್ವಲ್ಪ ಆ ಕಡೆ ಹೋಗಯ್ಯಾ, ನಿನ್ನ ಗುಂಗಲ್ಲಿ ವಿಕೆಟ್ ಬಿದ್ದಿದ್ದೇ ಗೊತ್ತಾಗ್ಲಿಲ್ಲ!" ಯಾರಾದರೂ ತೀರಿಕೊಂಡರೆ ಗುಂಗು ನಿಂತಿತು ಅನ್ನುತ್ತೇವೆ. ಇನ್ನೊಂದು ಕಟ್ಟಳೆಯೂ ಇದೆ. ರೇಡಿಯೋದ ಮುಂದೆ ಒಬ್ಬರೇ ಕೂರಬಾರದು. ತನ್ನ ಗುಂಗನ್ನು ತಾನೊಬ್ಬನೇ ಕೇಳಿಸಿಕೊಂಡವನಿಗೆ ಒಳ್ಳೆಯದಾಗುವುದಿಲ್ಲವಂತೆ. ಹಾಗಾಗಿ ಮನೆಯಲ್ಲಿ ಒಬ್ಬರೇ ಉಳಿದ ಗಳಿಗೆಯಲ್ಲಿ ಕೈ ತಾನಾಗಿ ಹೋಗಿ ಗುಂಡಿ ಆರಿಸುತ್ತದೆ.

ಹೊರಗಿನಿಂದ ಸೊಸೆ ಬಂದರೆ ಒಂದು ತಿಂಗಳೊಳಗೆ ಗುಂಗು ಕೂಡಿಸುವ ಶಾಸ್ತ್ರ ಮಾಡುತ್ತಾರೆ. ನಮ್ಮ ಬೀದಿಗೆ ಅದನ್ನು ಮಾಡಿಸುವವರು ಕಿವಿ ಚಿಕ್ಕತಾಯಮ್ಮ ಎಂಬ ಅಜ್ಜಿ. ಮನೆಯವರೆಲ್ಲ ರೇಡಿಯೋದ ಸುತ್ತ ಕೂರುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬೀದಿಗೆ ಹೋಗುತ್ತಾರೆ. ಕೊನೆಗೆ ಸೊಸೆ, ಚಿಕ್ಕತಾಯಮ್ಮ ಇಬ್ಬರೇ. ಅಜ್ಜಿ ಹೊರಗೆ ಬಂದು ‘ಕೂಡ್ತು’ ಅಂದರೆ ಊಟ. ‘ಕೂಡಲಿಲ್ಲ’ ಅಂದರೆ ಸೊಸೆ ಗುಂಗು ತಿಳಿಯಾಗುವವರೆಗೆ ತವರಿನಲ್ಲಿರಬೇಕು. ಮೇಲಿನ ಬೀದಿಯ ಒಬ್ಬ ಹುಡುಗಿಯನ್ನು ಹಾಗೆ ಕಳಿಸಿದ್ದರು. ಅವಳದು ತಿಳಿಯಾಯಿತೇ ಎಂದು ಆಮೇಲೆ ಯಾರೂ ಹೋಗಿ ಕೇಳಿದ ಹಾಗಿಲ್ಲ. ಅವಳ ಗಂಡನಿಗೆ ಈಗ ಬೇರೆ ಹೆಂಡತಿ, ಮಕ್ಕಳು ಇದ್ದಾರೆ.

ನಮ್ಮ ಅತ್ತಿಗೆಯ ಹೆಸರು ಕಸ್ತೂರಿ. ಗಿರಣಿಗೆ ಹೊಸ ಕಲ್ಲು ತರಲು ಅಣ್ಣ ಹೊಳೆಯ ಆಚೆ ಬಹಳ ದೂರ ಹೋಗಿದ್ದ. ಕಲ್ಲು ಕೊಟ್ಟ ಮನೆಯವರೇ ಹೆಣ್ಣನ್ನೂ ಕೊಟ್ಟರು. ಅವಳ ಮಾತು ನಮ್ಮ ಮಾತಿನ ಹಾಗಿರಲಿಲ್ಲ. ನಾನು ಅತ್ತಿಗೆ ಅಂದರೆ ನಗುತ್ತಿದ್ದಳು. "ನಮ್ಮ ಕಡೆ ವೈನಿ ಅಂತಾರ. ನೀ ಅತ್ತಿಗಿ ಅಂದ್ರ ನನಗ ಯಾರನ್ನೋ ಕರದಂಗ ಆಗ್ತೈತಿ." ನಾನು ಹೆಚ್ಚು ಮಾತಾಡುವವಳಲ್ಲ. ಹೊರಗಿನ ಊರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದು, ಹಿತ್ತಲಿನ ಕೋಣೆಯಲ್ಲಿ ಬೆಸುಗೆ ಕಡ್ಡಿ ಹಿಡಿದು, ಟ್ಯಾಂಕ್ ತುಂಬಿದರೆ ಕೂಗುವ ಗಂಟೆ, ಕತ್ತಲಾದರೆ ತಾನೇ ಹತ್ತುವ ದೀಪ, ಇಂಥವನ್ನು ಮಾಡಿಕೊಂಡು ಇದ್ದವಳು. ಅತ್ತಿಗೆ ಬಂದ ಮೇಲೆ ಆ ಕೋಣೆಗೆ ಎರಡನೇ ಸ್ಟೂಲು ಬಂತು. ಅವಳು ಸುಮ್ಮನೆ ಕೂತು ಸೀಸ ಕರಗುವುದನ್ನು ನೋಡುತ್ತಿದ್ದಳು. ನಾನು ಮಾತಾಡಲಿ ಎಂದು ಅವಳು ಕಾಯುತ್ತಿರಲಿಲ್ಲ. ನನಗೆ ಅದು ಹಿಡಿಸಿತು.

ಕರಕರದ ಸುದ್ದಿ ಬೀದಿಗೆ ಹೋಗಲು ತಡವಾಗಲಿಲ್ಲ. ಚಿಕ್ಕತಾಯಮ್ಮ ಮಜ್ಜಿಗೆ ಕುಡಿಯುವ ನೆಪದಲ್ಲಿ ಬಂದರು. ಗೋಡೆಯ ಮೇಲೆ ತಾವೇ ಮದುವೆಗೆ ಉಡುಗೊರೆ ಕೊಟ್ಟಿದ್ದ ಲಕ್ಷ್ಮಿಯ ಪಟಕ್ಕೆ ಕೈಮುಗಿದರು. ಆ ಪಟದ ಸುತ್ತ ಕೆಂಪು, ಹಸಿರು, ನೀಲಿ ದೀಪಗಳು ಒಂದರ ಹಿಂದೊಂದು ಓಡುತ್ತಿದ್ದವು. ಆಮೇಲೆ ರೇಡಿಯೋದ ಹತ್ತಿರ ಕೂತು ಕಿವಿಗೊಟ್ಟರು. ಮಜ್ಜಿಗೆಯ ಲೋಟ ಹಾಗೇ ಉಳಿಯಿತು.

"ಏನವ್ವಾ ಇದು, ಕಲ್ಲಿನ ಮ್ಯಾಲೆ ಕಲ್ಲು ತೇದಂಗೆ!" ಅಂದರು ಅಮ್ಮನಿಗೆ. "ಕಲ್ಲಿನ ಮನೆ ಹೆಣ್ಣು ತಂದ್ರೆ ಇನ್ನೇನು ಬಂದಾತು?"

"ಹೊಸದಲ್ವಾ ಚಿಕ್ಕತಾಯಮ್ಮ. ನಮ್ ನೀರಿಗೆ ಹೊಂದ್ಕೋಬೇಕು," ಅಂದಳು ಅಮ್ಮ.

"ಹೊಂದ್ಕೊಂಡ್ರೆ ಸರಿ. ಬರೋ ಸೋಮವಾರ ಕೂಡ್ಸಾನ. ಹಿಂಗೇ ಇದ್ರೆ ನನ್ ಬಾಯಲ್ಲಿ ಸುಳ್ಳು ಬರಾಕಿಲ್ಲ, ಮೊದ್ಲೇ ಹೇಳಿವ್ನಿ."

ಸಂಜೆ ಗಿರಣಿಯಿಂದ ಬಂದ ಅಣ್ಣನಿಗೆ ಅಮ್ಮ ಇದನ್ನು ಹೇಳಿದಳು. ಅವನ ಹುಬ್ಬಿನ ಮೇಲೆ ಇನ್ನೂ ಹಿಟ್ಟಿತ್ತು. "ಎಲ್ಲಾರೂ ಮಾಡೋದು ತಾನೇ, ಆಗ್ಲಿ ಬಿಡಮ್ಮ," ಅಂದು ಬಚ್ಚಲಿಗೆ ಹೋದ. ಬಹಳ ಹೊತ್ತು ಮುಖ ತೊಳೆದ.

ಮಾರನೆಯ ದಿನ ಅತ್ತಿಗೆ ನನ್ನ ಕೋಣೆಯ ಸ್ಟೂಲಿನ ಮೇಲೆ ಕೂತು ಕೇಳಿದಳು: "ಖರೇ ಹೇಳ ವಾರಿಜಾ. ಆ ಸಪ್ಪಳ ನಂದೇನ?"

"ಎಲ್ಲರೂ ಹಾಗೇ ಅಂತಾರೆ," ಅಂದೆ.

"ನಾ ನಿನ್ನ ಕೇಳಿದೆ."

ನಮ್ಮೂರಲ್ಲಿ ತಂತಿಯೊಳಗೆ ಏನಾದರೂ ಸದ್ದು ಬಂದರೆ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ, ಯಾರು ಬಂದರು ಅಂತ ಕೇಳುತ್ತಾರೆ. ನಾನೂ ಅಲ್ಲೇ ಹುಟ್ಟಿದವಳು. ಕಾಲೇಜಿನಲ್ಲಿ ಮೇಷ್ಟ್ರು ಫ್ಯಾನಿನ ರೆಗ್ಯುಲೇಟರಿನಿಂದ ಬರುವ ಸದ್ದು, ಟ್ಯೂಬ್‌ಲೈಟಿನ ಚೋಕಿನಿಂದ ಬರುವ ಸದ್ದು ಅಂತೆಲ್ಲ ಬಿಡಿಸಿ ಪಾಠ ಮಾಡಿದ್ದರು. ಅದು ಬೇರೆ ಊರುಗಳ ಕಷ್ಟ ಅಂದುಕೊಂಡು ಪರೀಕ್ಷೆ ಬರೆದು ಬಿಟ್ಟುಬಿಟ್ಟಿದ್ದೆ.

ಆಗ ನಾನೊಂದು ಪುಟ್ಟ ಆಂಪ್ಲಿಫಯರ್ ಮಾಡುತ್ತಿದ್ದೆ, ಇಯರ್‌ಫೋನಿನಲ್ಲಿ ಹಾಡು ಕೇಳಲು. ಸರ್ಕ್ಯೂಟಿನಲ್ಲಿ ಜನರ ಗುಂಗು ನುಗ್ಗದಿರಲಿ ಎಂದು ನಮ್ಮ ಊರಿನಲ್ಲಿ ಈ ಹುಚ್ಚು ಇರುವವರೆಲ್ಲ ಒಂದೊಂದು ಉಪಾಯ ಮಾಡಿಕೊಂಡಿದ್ದಾರೆ. ಕೆಲವರು ಬಿಸ್ಕತ್ತಿನ ಡಬ್ಬ, ಕೆಲವರು ಎಣ್ಣೆ ಡಬ್ಬ. ನನ್ನದು ತೂತು ಬಿದ್ದು ಹಿತ್ತಲಿಗೆ ಸೇರಿದ್ದ ತಾಮ್ರದ ಹಂಡೆ. ಅದರೊಳಗೆ ಸರ್ಕ್ಯೂಟು ಇಟ್ಟು, ಮೇಲೆ ತಾಮ್ರದ ತಟ್ಟೆ ಮುಚ್ಚಿ, ತೂತಿನಿಂದ ವೈರು ಹೊರಗೆ ತಂದರೆ ಯಾರ ಗುಂಗೂ ಒಳಗೆ ಸುಳಿಯುವುದಿಲ್ಲ. ಒಬ್ಬಳೇ ಕೂತು ಕೆಲಸ ಮಾಡುವ ನನ್ನಂಥವಳಿಗೆ ಅದು ಬೇಕೇ ಬೇಕು.

ಶುಕ್ರವಾರ ಮಧ್ಯಾಹ್ನ ಅತ್ತಿಗೆ ಅಣ್ಣನಿಗೆ ಬುತ್ತಿ ತೆಗೆದುಕೊಂಡು ಗಿರಣಿಗೆ ಹೋಗಿದ್ದಳು. ನಾನು ಆಂಪ್ಲಿಫಯರನ್ನು ಹಂಡೆಯಲ್ಲಿ ಮುಚ್ಚಿ, ಅಡಾಪ್ಟರಿನ ಪ್ಲಗ್ ಚುಚ್ಚಿ, ಇಯರ್‌ಫೋನ್ ಕಿವಿಗಿಟ್ಟೆ. ಕರಕರ. ಅದೇ ಹಪ್ಪಳ, ಅದೇ ತಡೆ, ಅದೇ ಮುರಿತ. ‘ಅತ್ತಿಗೆ ಬಂದಳು’ ಎಂದು ಹಿಂದೆ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎದ್ದು ಪಡಸಾಲೆಗೂ ಹೋಗಿ ನೋಡಿದೆ. ಅವಳು ಇನ್ನೂ ಗಿರಣಿಯಿಂದ ಬಂದಿರಲಿಲ್ಲ. ಈ ಹೊತ್ತಿನಲ್ಲಿ ಅಮ್ಮ ಮಲಗಿ ನಾನು ಕೋಣೆಯಲ್ಲಿರುವುದರಿಂದ, ಅವಳಿಲ್ಲದಾಗ ರೇಡಿಯೋ ಏನನ್ನುತ್ತದೆ ಎಂದು ನಾವ್ಯಾರೂ ಕೇಳಿರಲಿಲ್ಲ.

ವಾಪಸು ಬಂದು ಹಂಡೆಯ ಮುಂದೆ ಕೂತೆ. ಆಮೇಲೆ ಪ್ಲಗ್ ಕಿತ್ತು, ಟಾರ್ಚಿನ ಸೆಲ್ಲುಗಳನ್ನು ಜೋಡಿಸಿ ಸರ್ಕ್ಯೂಟಿಗೆ ಕೊಟ್ಟೆ. ನಿಶ್ಶಬ್ದ. ಪ್ಲಗ್ ಚುಚ್ಚಿದೆ, ಕರಕರ. ಕಿತ್ತೆ, ಇಲ್ಲ. ಮನುಷ್ಯರ ಗುಂಗು ಗಾಳಿಯಲ್ಲಿ ಬರುತ್ತದೆ, ಅದನ್ನು ಹಂಡೆ ತಡೆಯುತ್ತದೆ. ಇದು ಗೋಡೆಯ ತಂತಿಯಲ್ಲೇ ಹರಿದು ಬರುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದ ಚಿತ್ರ ನೆನಪಾಯಿತು, ಅದರ ಕೆಳಗೆ ಅವರು ಎಳೆದಿದ್ದ ಎರಡು ಗೆರೆಗಳ ಸಮೇತ.

ಅತ್ತಿಗೆ ಖಾಲಿ ಬುತ್ತಿಯೊಂದಿಗೆ ಬಂದಾಗ ಹೇಳಿದೆ: "ಅದು ನಿಮ್ಮದಲ್ಲ."

ಅವಳು ಬುತ್ತಿಯನ್ನು ಕೆಳಗಿಡಲಿಲ್ಲ. "ಮತ್ತ ಯಾರದು?"

"ಯಾರದೂ ಅಲ್ಲ. ಯಾವುದೋ ಒಂದರದು."

ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ಮೇನ್ ಸ್ವಿಚ್ ಆರಿಸಿದರೆ ಫ್ಯಾನ್ ನಿಂತು ಅವಳಿಗೆ ಎಚ್ಚರವಾಗುತ್ತದೆ. ಹಾಗಾಗಿ ಒಂದೊಂದೇ ಆರಿಸುತ್ತ ಬಂದೆವು. ನಾನು ರೇಡಿಯೋದ ಹತ್ತಿರ, ಅತ್ತಿಗೆ ಸ್ವಿಚ್ಚಿನ ಹತ್ತಿರ. ಫ್ರಿಜ್ ಆರಿಸಿದಳು, ಕರಕರ ಹಾಗೇ ಇತ್ತು. ಟ್ಯೂಬ್‌ಲೈಟು. ಹಾಗೇ. ಅಣ್ಣನ ಫೋನಿನ ಚಾರ್ಜರ್ ಕಿತ್ತಳು. ಹಾಗೇ. ಮಿಕ್ಸಿಯ ಪ್ಲಗ್, ಬಚ್ಚಲಿನ ಗೀಸರ್, ನನ್ನ ಬೆಸುಗೆ ಕಡ್ಡಿ. ನನಗೆ ನನ್ನ ಮೇಲೆಯೇ ಅನುಮಾನ ಬರತೊಡಗಿತು.

"ಇದನ್ನ ಆರಿಸ್ಲಿಲ್ಲಲ್ಲ?" ಅತ್ತಿಗೆ ಲಕ್ಷ್ಮಿಯ ಪಟದ ಕೆಳಗೆ ನಿಂತಿದ್ದಳು.

"ಅದು ದೇವರದು."

"ದೇವರಿಗೂ ಅದ ಕರೆಂಟ ಅಲ್ಲೇನ ಬರೂದು? ಬಿಲ್ ಬ್ಯಾರೆ ಬರ್ತೈತೇನ?"

ನಾನು ಏನಾದರೂ ಅನ್ನುವ ಮೊದಲೇ ಅವಳು ಕೆನ್ನೆ ಬಡಿದುಕೊಂಡು, ‘ತಪ್ಪಾತವ್ವ’ ಎಂದು ಪಟಕ್ಕೆ ಹೇಳಿ, ಪ್ಲಗ್ ಕಿತ್ತಳು. ಓಡುತ್ತಿದ್ದ ದೀಪಗಳು ನಿಂತವು. ಹಪ್ಪಳ ಮುರಿಯುವುದೂ ನಿಂತಿತು.

ಪ್ಲಗ್ಗಿಗೆ ಅಂಟಿಕೊಂಡಿದ್ದ ಪುಟ್ಟ ಅಡಾಪ್ಟರನ್ನು ಕೈಗೆ ತೆಗೆದುಕೊಂಡೆ. ಖಾಲಿ ಬೆಂಕಿಪೊಟ್ಟಣದಷ್ಟು ಹಗುರ. ಬಿಚ್ಚಿ ನೋಡಿದರೆ, ಒಳಗಿನ ಹಲಗೆಯ ಮೇಲೆ ಸದ್ದನ್ನು ಹಿಡಿದು ನಿಲ್ಲಿಸುವ ಭಾಗಗಳಿಗೆಂದು ಬಿಳಿ ಬಣ್ಣದಲ್ಲಿ ಗುರುತು ಹಾಕಿದ್ದ ಜಾಗಗಳೆಲ್ಲ ಬರಿದಾಗಿದ್ದವು. ಮಾಡಿದವರು ಉಳಿತಾಯ ಮಾಡಿದ್ದರು. ಅತ್ತಿಗೆ ಬಂದ ದಿನವೇ ಈ ಪಟವೂ ನಮ್ಮ ಮನೆಗೆ ಬಂದಿತ್ತು, ಅಷ್ಟೆ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ನಗುತ್ತಿರುವಾಗಲೇ ರೇಡಿಯೋ ಕೇಳಿಸುತ್ತಿತ್ತು. ಒಳಗೆ ಮಲಗಿದ್ದ ಅಮ್ಮನ ಹಾಲಿನ ಸದ್ದು ಇತ್ತು. ಅದರ ಪಕ್ಕದಲ್ಲಿ ನನ್ನದು ಇತ್ತು. ಎರಡೇ.

"ಅತ್ತಿಗೆ, ಒಂದು ಸಲ ಬೀದಿಗೆ ಹೋಗಿ ಬನ್ನಿ," ಅಂದೆ.

ಹೋದಳು. ಎರಡು. ಬಂದಳು. ಎರಡೇ. ರೇಡಿಯೋವನ್ನು ಅವಳ ಮಡಿಲಲ್ಲೇ ಇಟ್ಟೆ. ಮೂರನೆಯದು ಬರಲಿಲ್ಲ. ಬದುಕಿರುವ ಒಬ್ಬರ ಹತ್ತಿರ ರೇಡಿಯೋ ಹಾಗೆ ಸುಮ್ಮನಿರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಮುಖ ನೋಡಿ ಅವಳು ನಗು ನಿಲ್ಲಿಸಿದಳು.

"ಏನಾತು?"

"ನಿಮಗೆ ಇಲ್ಲ."

"ಇಲ್ಲಂದ್ರ?"

"ಗುಂಗೇ ಇಲ್ಲ."

"ನಮ್ಮ ಊರಾಗ ಯಾರಿಗೂ ಇಲ್ಲವ್ವ," ಅಂದಳು ಅವಳು, ನನಗೆ ಸಮಾಧಾನ ಹೇಳುವವಳಂತೆ. "ನಮ್ಮವ್ವಗಿಲ್ಲ, ಅಪ್ಪಗಿಲ್ಲ. ಅದಕ್ಯಾಕ ಹಿಂಗ ಕಣ್ಣ ಬಿಡ್ತಿ?"

ಅವಳಿಗೆ ಬಿಡಿಸಿ ಹೇಳಿದೆ. ಕರಕರ ಇದ್ದರೆ ತವರಿಗೆ ಕಳಿಸುತ್ತಾರೆ. ಆದರೆ ಕರಕರ ಅನ್ನುವುದಾದರೂ ಒಂದು ಗುಂಗು, ಕೆಟ್ಟದ್ದಾದರೂ ಇದೆ ಅನ್ನುತ್ತಾರೆ. ಏನೂ ಇಲ್ಲದವರು ನಮ್ಮಲ್ಲಿ ಒಂದೇ ಥರದವರು, ಅವರನ್ನು ಪಡಸಾಲೆಯಲ್ಲಿ ಕೂರಿಸುವುದಿಲ್ಲ, ಮಲಗಿಸುತ್ತಾರೆ. ಚಿಕ್ಕತಾಯಮ್ಮ ಏನು ಹೇಳಬಹುದು ಎಂದು ನನಗೇ ಗೊತ್ತಿಲ್ಲ. ಅತ್ತಿಗೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕಿತ್ತಿಟ್ಟಿದ್ದ ಫ್ರಿಜ್ಜಿನ ಪ್ಲಗ್ಗನ್ನು ಮತ್ತೆ ಚುಚ್ಚಿದಳು, ಚಾರ್ಜರನ್ನೂ ಚುಚ್ಚಿದಳು. ಅಡಾಪ್ಟರನ್ನು ಮತ್ತೆ ಕೂಡಿಸಿ ಕೊಟ್ಟೆ. ಪಟಕ್ಕೂ ದೀಪ ಬಂತು. ಕರಕರ ಶುರುವಾಯಿತು. ಅಮ್ಮ ಎದ್ದು ಬಂದು, ‘ಇವತ್ತೂ ಹಿಂಗೇನಾ’ ಅನ್ನುವ ಹಾಗೆ ರೇಡಿಯೋ ನೋಡಿ, ಕಾಫಿಗಿಟ್ಟಳು.

ಶನಿವಾರ, ಭಾನುವಾರ ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಸದ್ದು ಹುಡುಕುವುದಕ್ಕಿಂತ ಸದ್ದು ಮಾಡುವುದು ಸುಲಭ. ಎಂಟು ಕಾಲಿನ ಒಂದು ಐಸಿ, ಒಂದೆರಡು ರೆಸಿಸ್ಟರ್, ಒಂದು ಕೆಪಾಸಿಟರ್, ಒಂದು ಚಪ್ಪಟೆ ಸೆಲ್. ಕುಂಕುಮದ ಭರಣಿಯಷ್ಟು ಡಬ್ಬಿಯಲ್ಲಿ ಹಿಡಿಯಿತು. ಅಮ್ಮನ ಗುಂಗಿಗೂ ಅಣ್ಣನ ಗುಂಗಿಗೂ ಹೊಂದುವ ಹಾಗೆ, ಅವೆರಡರ ನಡುವೆ ಎಲ್ಲೋ ಕೂರುವ ಹಾಗೆ, ಸ್ಕ್ರೂ ತಿರುಗಿಸಿ ತಿರುಗಿಸಿ ಕೂರಿಸಿದೆ. ಒಳ್ಳೆಯ ಸೊಸೆಯ ಗುಂಗು ಅದು. ಅತ್ತಿಗೆಯ ಕೈಗಿಟ್ಟು, ಸೊಂಟದಲ್ಲಿ ಸಿಕ್ಕಿಸಿಕೊಳ್ಳಿ ಅಂದೆ.

ಅವಳು ಡಬ್ಬಿಯ ಗುಂಡಿ ಒತ್ತಿದಳು. ಮೇಜಿನ ಮೇಲಿದ್ದ ನನ್ನ ಪುಟ್ಟ ರೇಡಿಯೋ ಝೀಂ ಅಂದಿತು.

"ಇದ್ಯಾರು?"

"ನೀವು."

ಸ್ವಲ್ಪ ಹೊತ್ತು ಕಿವಿಗೊಟ್ಟಳು. "ಚೊಲೊ ಅದಾಳ ಬಿಡ," ಅಂದಳು. "ನನಗಿಂತ ಶಾಣ್ಯಾ ಕಾಣಸ್ತಾಳ. ಆದ್ರ ಸೆಲ್ ಮುಗದ ದಿನ ಏನ್ ಮಾಡ್ತಿ? ನಾ ಅಡಿಗಿ ಮನ್ಯಾಗ ರೊಟ್ಟಿ ಬಡಿಯಾಕತ್ತಿರ್ತೀನಿ, ನೀವೆಲ್ಲಾ ಹೊರಗ ಕುಂತು ಅಳ್ತೀರಿ."

"ಸೆಲ್ ನಾನು ಬದಲಾಯಿಸ್ತೀನಿ. ಯಾವತ್ತೂ ಮರೆಯಲ್ಲ."

"ಮರ್ಯಾಂಗಿಲ್ಲ, ಗೊತ್ತೈತಿ." ಡಬ್ಬಿಯನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ನಾ ಇಲ್ಲಿರಬೇಕಂದ್ರ ನಾನ ಇರಬೇಕವ್ವ. ಇಲ್ಲಂದ್ರ ಹೋಗಿರ್ತೀನಿ, ದಾರಿ ಗೊತ್ತೈತಿ. ನಿಮ್ಮಣ್ಣನ ಮ್ಯಾಲ ಅಷ್ಟ ಸಿಟ್ಟ ಮಾಡ್ಕೋತೀನಿ, ಗಿರಣಿ ಕಲ್ಲ ತರಾಕ ಬಂದಾಂವ ಕಲ್ಲ ಒಯ್ಯೂದ ಬಿಟ್ಟು ನನ್ನ್ಯಾಕ ನೋಡಿದ ಅಂತ."

ಅವಳ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ನಾನು ನೋಡದ ಹಾಗೆ ಬೆಸುಗೆ ಕಡ್ಡಿಯ ತುದಿ ಒರೆಸುತ್ತ ಕೂತೆ.

ಸೋಮವಾರ ಮಧ್ಯಾಹ್ನ ಬೀದಿಯ ಹೆಂಗಸರು ತಮ್ಮ ಗುಂಗು ನಮ್ಮ ರೇಡಿಯೋಗೆ ಸಿಗದಷ್ಟು ದೂರ, ಎದುರು ಮನೆಯ ಜಗಲಿಯ ಮೇಲೆ ಬಂದು ಕೂತರು. ಒಳಗೆ ಚಾಪೆ ಹಾಸಿತ್ತು. ಅಮ್ಮ, ಅಣ್ಣ, ನಾನು, ಅತ್ತಿಗೆ, ರೇಡಿಯೋಗೆ ಒತ್ತಿಕೊಂಡ ಹಾಗೆ ಚಿಕ್ಕತಾಯಮ್ಮ. ಅವರು ಬರುವುದಕ್ಕೆ ಮುಂಚೆ ಅತ್ತಿಗೆ ತಾನೇ ಹೋಗಿ ಪಟದ ಪ್ಲಗ್ ಕಿತ್ತು ಬಂದಿದ್ದಳು. ಅಜ್ಜಿ ಪಟಕ್ಕೆ ಕೈಮುಗಿಯಲು ತಲೆ ಎತ್ತಿದವರೇ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು.

"ಅಮ್ಮನವರ ದೀಪ ಯಾರವ್ವಾ ಆರ್ಸಿದ್ದು, ಒಳ್ಳೇ ಕೆಲಸದ ದಿನ?"

ಅಮ್ಮ ಅತ್ತಿಗೆಯನ್ನು ನೋಡಿದಳು, ಅತ್ತಿಗೆ ಬಾಯಿ ತೆರೆದಳು. ಅವಳು ಹೇಳಿದರೆ ಕೆಲಸ ಕೆಡುತ್ತದೆ ಎಂದು ನನಗೆ ಹೊಳೆಯಿತು. ನಾಲ್ಕು ಜನರೆದುರು ನನಗೆ ನನ್ನ ಹೆಸರು ಹೇಳಲೂ ಆಗುವುದಿಲ್ಲ. ಆದರೂ ಮಾತು ಬಂತು, ಬೇರೆ ಯಾರದೋ ಮನೆಯಿಂದ ಕೇಳಿಸುವ ಮಾತಿನಂತೆ. "ನಾನೇ, ಅಜ್ಜಿ. ಕರಕರ ಅದರದ್ದು."

ಎದುರು ಜಗಲಿಯ ಹೆಂಗಸರು ಕತ್ತು ಚಾಚಿದರು.

"ಏನಂದೆ? ನಾನು ಕೊಟ್ಟ ಪಟದಲ್ಲಿ ದೋಷಾನಾ?"

"ಪಟದಲ್ಲಲ್ಲ ಅಜ್ಜಿ. ಪಟದ ಪ್ಲಗ್ಗಲ್ಲಿ."

"ನಾಲಗೆ ನೋಡು! ಇಷ್ಟು ವರ್ಷ ಬಾಯೇ ಬಿಡ್ದೋಳು ಇವತ್ತು ಬಿಟ್ಲು, ಲಕ್ಷ್ಮಿ ಮ್ಯಾಲೇ ಬಿಟ್ಲು!" ಹೊರಗೆ ಯಾರೋ ಕಿಸಕ್ಕೆಂದರು. ನಾನು ಎದ್ದು ಹೋಗಿ ಪ್ಲಗ್ ಚುಚ್ಚಿದೆ. ಕರಕರ. ಕಿತ್ತೆ. ಇಲ್ಲ. ಮತ್ತೆ ಚುಚ್ಚಿದೆ, ಮತ್ತೆ ಕಿತ್ತೆ. ಆತುರದಲ್ಲಿ ಪ್ಲಗ್ ಒಂದು ಸಲ ತೂತಿಗೆ ಸರಿಯಾಗಿ ಕೂರಲಿಲ್ಲ, ಆಗ ಕರಕರವೂ ಅರ್ಧರ್ಧ ಬಂತು. ಅಜ್ಜಿ ಒಂದು ಸಲ ನನ್ನ ಕೈ, ಒಂದು ಸಲ ರೇಡಿಯೋ ನೋಡುತ್ತ ಕೂತಿದ್ದರು. ಅಣ್ಣ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

"ಸಾಕು ಬಿಡು, ದೇವರಿಗೆ ತಲೆ ತಿರುಗಾತು," ಅಂದರು ಅಜ್ಜಿ ಕೊನೆಗೆ. "ಅಂಗಡಿಯೋನು ಮೋಸ ಮಾಡವ್ನೆ. ಸರಿ, ಎದ್ದೇಳ್ರವ್ವಾ ಒಬ್ಬೊಬ್ರೇ."

ಅಮ್ಮ ಎದ್ದು ಹೋದಳು. ಹಾಲಿನ ಸದ್ದು ಬಾಗಿಲವರೆಗೆ ಹೋಗಿ ಕರಗಿತು. ಅಣ್ಣ ಹೋದ. ನಾನು ಏಳುವಾಗ ಅತ್ತಿಗೆಯ ಸೊಂಟದ ಕಡೆ ನೋಡಿದೆ, ಅಲ್ಲಿ ಬೀಗದ ಕೈ ಮಾತ್ರ ಇತ್ತು. ಹೊರಗೆ ಬಂದು ಬೀದಿಯ ಆಚೆ ಬದಿಗೆ ಹೋಗಿ ನಿಂತೆ. ಒಳಗಿನಿಂದ ರೇಡಿಯೋ ಕೇಳಿಸುತ್ತಿತ್ತು. ಒಂದೇ ಗುಂಗು. ಸಣ್ಣದು, ಒಣಗಿದ ದಾರದಂಥದು. ಸ್ವಲ್ಪ ದೂರ ನಡೆದು, ಎಡವಿ, ನಿಂತು, ಮತ್ತೆ ಹೊರಡುತ್ತಿತ್ತು.

"ಹುಡುಗಿಗೆ ಮೈಯಲ್ಲಿ ಹುಷಾರಿಲ್ವೇನೋ," ಅಂದಳು ಎದುರು ಮನೆಯವಳು. "ಪಾಪ, ಎಷ್ಟು ನಿತ್ರಾಣದ್ದು."

ಅದು ಚಿಕ್ಕತಾಯಮ್ಮನದು. ಇನ್ನೊಂದು ಗುಂಗು ಬೆರೆಯದೆ ಅದನ್ನು ಬೀದಿಯವರು ಯಾರೂ ಕೇಳಿರಲಿಲ್ಲ. ಶಾಸ್ತ್ರ ಮಾಡಿಸುವಾಗ ಅವರದು ಯಾವಾಗಲೂ ಸೊಸೆಯಂದಿರ ಗುಂಗಿನ ಅಡಿಯಲ್ಲಿ ಇರುತ್ತಿತ್ತು. ಗಂಡ ಹೋದ ಮೇಲೆ ಅವರು ಒಂಟಿ. ಮನೆಯ ರೇಡಿಯೋ ಯಾವಾಗಲೂ ಆರಿಯೇ ಇರುತ್ತದೆ.

ಒಳಗೆ ನಡೆದದ್ದನ್ನು ಅತ್ತಿಗೆ ಆಮೇಲೆ ನನಗೆ ಹೇಳಿದಳು. ಅಜ್ಜಿ ಮೊದಲು, "ಇಷ್ಟೇನಾ ನಿಂದು?" ಅಂದರಂತೆ. ಇವಳು, "ನಂದಲ್ರಿ ಅಜ್ಜಿ. ನನಗಿಲ್ರಿ ಅದು. ಇದ್ರಾಗ ಇರಾಕಿ ನೀವೊಬ್ಬರ," ಅಂದಳಂತೆ. ಅಜ್ಜಿ ನಂಬದೆ ರೇಡಿಯೋವನ್ನು ಇವಳ ಎದೆಗೆ ಒತ್ತಿದರು. ಆಮೇಲೆ ತಮ್ಮ ಎದೆಗೆ ಒತ್ತಿಕೊಂಡರು. ತಕ್ಷಣ ಆರಿಸಲು ಕೈ ಹಾಕಿದರು.

"ಅಯ್ಯೋ, ಒಬ್ಬಳೇ ಕೇಳ್ಸ್ಕೊಂಡ್ಬಿಟ್ನಲ್ಲೇ."

"ಒಬ್ಬರ ಎಲ್ಲ್ರಿ? ನಾ ಇಲ್ಲೇ ಕುಂತೀನಲ್ರಿ."

ಅಜ್ಜಿಯ ಕೈ ಗುಂಡಿಯ ಮೇಲೆ ಹಾಗೇ ಉಳಿಯಿತಂತೆ. ಬಹಳ ಹೊತ್ತು ಇಬ್ಬರೂ ಕೂತಿದ್ದರು. ನಾವು ಬೀದಿಯಲ್ಲಿ ನಿಂತು ಆ ಎಡವುವ ಸದ್ದನ್ನು ಕೇಳುತ್ತಿದ್ದೆವು. ಅಣ್ಣ ಗೋಡೆಗೆ ಒರಗಿ ಉಗುರಿನಿಂದ ಸುಣ್ಣ ಕೆರೆಯುತ್ತಿದ್ದ. ಅಜ್ಜಿ ಒಂದೇ ಮಾತು ಕೇಳಿದರಂತೆ: "ಇದು ಎಡವ್ತದಲ್ಲ, ನಿಂಗೂ ಹಂಗೇ ಕೇಳ್ತದಾ?" ಇವಳು ಹೌದು ಅಂದಳಂತೆ. "ಹ್ಞೂಂ," ಅಂದು ಅವರು ಸೆರಗಿನಿಂದ ರೇಡಿಯೋದ ಮೇಲಿನ ಧೂಳು ಒರೆಸಿದರಂತೆ.

ಹೊರಗೆ ಬಂದಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಎಲ್ಲರೂ ಎದ್ದು ನಿಂತರು.

"ಕೂಡ್ತು," ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಇವಳ್ನ ಎಲ್ಲಿಗೂ ಕಳಿಸ್ಬ್ಯಾಡ. ಬುಧವಾರ ಬರ್ತೀನಿ, ಮಜ್ಜಿಗೆ ಕುಡಿಯಾಕೆ," ಅಂದರು. ಎದುರು ಮನೆಯವಳು, "ಸಣ್ಣದಾದ್ರೂ ಸಾಧು ಗುಂಗು ಬಿಡಿ," ಅಂದಳು. ಅಜ್ಜಿ ಅವಳನ್ನು ಒಂದು ನಿಮಿಷ ದಿಟ್ಟಿಸಿ, "ನಿಂಗೇನೇ ಗೊತ್ತು ಸಾಧು," ಅಂದು ಊಟಕ್ಕೂ ಕೂರದೆ ಹೊರಟುಹೋದರು.

ಬೀದಿಯವರು ಉಂಡು ಹೋದ ಮೇಲೆ ಅತ್ತಿಗೆ ಅಮ್ಮನನ್ನು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಬೇಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ, ಅವಳು ನೋಡಲಿಲ್ಲ. ಅಮ್ಮ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಅದು ಹೊಡೆದುಕೊಳ್ಳುತ್ತಿತ್ತು. ಹಣೆ ಮುಟ್ಟಿದಳು. ಅಣ್ಣ ಬಂದು ಅತ್ತಿಗೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಮದುವೆಯಾದ ಮೇಲೆ ಅಮ್ಮನ ಎದುರಿಗೆ ಅವನು ಹಾಗೆ ಕೂತದ್ದು ಅದೇ ಮೊದಲು. "ನಂಗೆ ಮೊದಲೇ ಗೊತ್ತಿತ್ತು," ಅಂದ. "ಗಿರಣಿ ರೇಡಿಯೋದಲ್ಲಿ ಇವಳು ಬರೋದೇ ಇಲ್ಲ. ಬುತ್ತಿ ತಂದು ಹಿಂದೆ ನಿಂತಿರ್ತಾಳೆ, ನಾನು ಬೆಚ್ಚಿ ಬೀಳ್ತೀನಿ."

"ಗೊತ್ತಿದ್ದೂ ಸುಮ್ನಿದ್ಯೇನೋ?"

"ಹೇಳಿದ್ರೆ ಕಳಿಸ್ತಿದ್ರಿ."

ಅಮ್ಮನಿಗೆ ಸಿಟ್ಟು ಬರಲಿಲ್ಲ. ಅವಳು ಬೇರೇನೋ ಯೋಚಿಸುತ್ತಿದ್ದಳು. "ಅಲ್ಲ ಕಣಮ್ಮ," ಅಂದಳು ಅತ್ತಿಗೆಗೆ, "ನಾನು ಒಳಗೆ ಒಲೆ ಮುಂದೆ ಇರ್ತೀನಿ. ನೀನು ಮನೇಲಿದ್ದೀಯೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಕರೀರಿ ಅತ್ತಿ. ಓ ಅಂತೀನಿ."

ನಮ್ಮೂರಲ್ಲಿ ಮನೆಯೊಳಗಿರುವವರನ್ನು ಯಾರೂ ಹೆಸರು ಹಿಡಿದು ಕೂಗುವುದಿಲ್ಲ, ರೇಡಿಯೋಗೆ ಕಿವಿಗೊಟ್ಟರೆ ಸಾಕು. ಅತ್ತಿಗೆ ಎಂಜಲೆಲೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಮ್ಮ ರೇಡಿಯೋ ನೋಡಿದಳು. ಅದರಲ್ಲಿ ನಾವು ಮೂವರೇ ಇದ್ದೆವು. ಹಿತ್ತಲ ಬಾಗಿಲಿನ ಹೊಸ್ತಿಲವರೆಗೆ ಹೋಗಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ತಿರುಗಿ ನಾಚಿಕೊಂಡಳು. ಆಮೇಲೆ ಕೂಗಿದಳು, "ಕಸ್ತೂರೀ!" ದಾರಿ ತಪ್ಪಿದ ಹಸುವನ್ನು ಕರೆದ ಹಾಗೆ ಬಂತು ದನಿ, ಅಣ್ಣ ಜೋರಾಗಿ ನಕ್ಕ.

"ಓ!"

ಅಮ್ಮನಿಗೆ ಅವಳಿಂದ ಆಗಬೇಕಾದ ಕೆಲಸ ಏನೂ ಇರಲಿಲ್ಲ. ಹೊಸ್ತಿಲಲ್ಲೇ ನಿಂತು ಇನ್ನೊಂದು ಸಲ ಕರೆದಳು.